ಉಗಿದ ನೊರೆ ಕೆಂಪಾದರೆ ಉಷ್ಣ ಅನ್ನಬೇಡಿ

ದೊಡ್ಡಗದ್ದವಳ್ಳಿ ಮತ್ತು ಸುತ್ತಲಿನ ಊರುಗಳ ಬಂಧುಗಳೇ,

ಬೆಳಿಗ್ಗೆ ಹಲ್ಲುಜ್ಜಿ ಉಗಿದಾಗ ನೊರೆಯಲ್ಲಿ ರಕ್ತದ ಎಳೆ ಕಂಡರೆ ನಮ್ಮ ಕಡೆ ಹೇಳುವ ಮಾತು ಒಂದೇ: “ಮೈಗೆ ಉಷ್ಣ ಆಗಿದೆ, ಎಳನೀರು ಕುಡಿ.” ಎಳನೀರು ಧಾರಾಳವಾಗಿ ಕುಡಿಯಿರಿ, ಚನ್ನರಾಯಪಟ್ಟಣದ ತೆಂಗಿನ ತೋಟದವರಿಗೂ ಒಳ್ಳೆಯದೇ. ಆದರೆ ಆ ರಕ್ತ ಬಂದದ್ದು ಊದಿಕೊಂಡ ವಸಡಿನಿಂದ. ಗಟ್ಟಿಮುಟ್ಟಾದ ವಸಡಿನಿಂದ ಬ್ರಷ್ ತಾಗಿದ ಮಾತ್ರಕ್ಕೆ ರಕ್ತ ಒಸರುವುದಿಲ್ಲ.

ರಕ್ತ ಕಂಡ ಮೇಲೆ ನಾವು ಮಾಡುವ ಕೆಲಸ ಇನ್ನೂ ಕೆಟ್ಟದ್ದು. ಆ ಜಾಗಕ್ಕೆ ಬ್ರಷ್ ಹಾಕುವುದನ್ನೇ ಬಿಟ್ಟುಬಿಡುತ್ತೇವೆ. ಹಲ್ಲು ವಸಡಿಗೆ ಸೇರುವ ಅಂಚನ್ನು ಒಮ್ಮೆ ಉಗುರಿನಿಂದ ಕೆರೆದು ನೋಡಿ. ಬಿಳಿಚಿಕೊಂಡ, ಮೆತ್ತಗಿನ ಜಿಡ್ಡು ಬರುತ್ತದೆ. ಅದು ಅನ್ನದ ಅಗುಳಲ್ಲ, ಬ್ಯಾಕ್ಟೀರಿಯಾಗಳು ಕಟ್ಟಿಕೊಂಡ ಪಾಚಿ. ದಿನಾ ಉಜ್ಜಿದರೆ ಹೋಗುತ್ತದೆ. ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಒಂದೆರಡು ವಾರದಲ್ಲಿ ಗಟ್ಟಿ ಕಿಟ್ಟವಾಗುತ್ತದೆ. ಆಮೇಲೆ ಬ್ರಷ್ಷೂ ಸೋಲುತ್ತದೆ, ಬೇವಿನ ಕಡ್ಡಿಯೂ ಸೋಲುತ್ತದೆ. ಬೂದಿ, ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಸವೆಯುವುದು ಹಲ್ಲೇ ಹೊರತು ಕಿಟ್ಟವಲ್ಲ.

1965ರಲ್ಲಿ ಹರಾಲ್ಡ್ ಲೋ ಎಂಬ ದಂತವಿಜ್ಞಾನಿ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ನಡೆಸಿದ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಆರೋಗ್ಯವಾಗಿದ್ದ 12 ಜನಕ್ಕೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಲು ಹಿಡಿದರು, ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಈ ಮೊದಲ ಹಂತದಲ್ಲಿ ರೋಗಕ್ಕೆ ಮದ್ದು ನಿಮ್ಮ ಮನೆಯ ಬ್ರಷ್ಷೇ. ರಕ್ತ ಬರುವ ಕಡೆ ಬಿಡಬೇಡಿ. ಮೆತ್ತನೆಯ ಬ್ರಷ್ ಹಿಡಿದು, ಎಳೆಗಳನ್ನು ವಸಡಿನ ಅಂಚಿಗೆ ಓರೆಯಾಗಿಟ್ಟು, ರಾತ್ರಿ ಊಟವಾದ ಮೇಲೂ ಒಮ್ಮೆ ಉಜ್ಜಿ.

ರೋಗ ಎರಡನೆಯ ಹಂತಕ್ಕೆ, ಎಲುಬಿಗೆ, ಇಳಿದರೆ ಹಿಂದಕ್ಕೆ ದಾರಿಯಿಲ್ಲ. ನಮ್ಮ ಲಕ್ಷ್ಮೀದೇವಿ ದೇವಸ್ಥಾನದ ಕಾಳಿ ಗುಡಿಯ ಬಾಗಿಲಲ್ಲಿ ನಿಂತ ಬೇತಾಳಗಳ ಎಲುಬನ್ನು ಬೇಕಾದರೆ ಎಣಿಸಬಹುದು. ಹಲ್ಲನ್ನು ಹಿಡಿದಿರುವ ಎಲುಬು ಹಾಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಿಟ್ಟ ಒಳಕ್ಕಿಳಿದಂತೆ ಆ ಎಲುಬು ಕರಗುತ್ತ ಹೋಗುತ್ತದೆ. ಚೆನ್ನಾಗಿರುವ ಬಾಯಲ್ಲಿ ವಸಡಿಗೂ ಹಲ್ಲಿಗೂ ನಡುವಿನ ಸಂದು 3 ಮಿಲಿಮೀಟರಿನೊಳಗಿರುತ್ತದೆ. 4 ದಾಟಿತೆಂದರೆ ಡಾಕ್ಟರು ಎಚ್ಚರಗೊಳ್ಳುತ್ತಾರೆ. ಅಷ್ಟಾದರೂ ಸಾಮಾನ್ಯವಾಗಿ ನೋವಿರುವುದಿಲ್ಲ. ಕಾಣುವ ಗುರುತುಗಳು ಇವು: ಬಾಯಿ ವಾಸನೆ, ಹಲ್ಲು ಉದ್ದವಾದಂತೆ ಕಾಣುವುದು, ಮುಂದಿನ ಹಲ್ಲುಗಳ ನಡುವೆ ಹೊಸದಾಗಿ ಸಂದು ಬೀಳುವುದು, ಒತ್ತಿದರೆ ಕೀವು, ಕೊನೆಗೆ ಅಲ್ಲಾಟ. “ನೋವಾದಾಗ ನೋಡಿಕೊಂಡರಾಯಿತು” ಅನ್ನುವವರು ಕಾಯುತ್ತಿರುವುದು ಹಲ್ಲು ಕೀಳಿಸುವ ದಿನಕ್ಕೆ.

“ನಮ್ಮಜ್ಜ ಬೂದಿಯಲ್ಲಿ ಉಜ್ಜಿ 80ರಲ್ಲೂ ಕಡಲೆ ಅಗಿಯುತ್ತಿದ್ದರು” ಅನ್ನುತ್ತೀರಿ. ಅಗಿದಿರಬಹುದು. ಇದೇ ಲೋ, ಶ್ರೀಲಂಕಾದ ಟೀ ತೋಟಗಳಲ್ಲಿ ಹಲ್ಲುಜ್ಜುವ ರೂಢಿಯೇ ಇಲ್ಲದ 480 ಕೂಲಿಗಳನ್ನು 15 ವರ್ಷ ಗಮನಿಸಿದರು. ನೂರಕ್ಕೆ ಸುಮಾರು 11 ಜನಕ್ಕೆ ರೋಗ ವಸಡಿನಾಚೆ ಇಳಿಯಲೇ ಇಲ್ಲ. ಸುಮಾರು 8 ಜನಕ್ಕೆ ಬಹಳ ಬೇಗ ಇಳಿಯಿತು. ಉಳಿದವರೆಲ್ಲ ನಿಧಾನವಾಗಿ ಹಲ್ಲಿನ ಆಸರೆ ಕಳೆದುಕೊಂಡರು. ಅಜ್ಜ ಅಂಥ ಹನ್ನೊಂದರಲ್ಲಿ ಒಬ್ಬರಿರಬಹುದು. ನೀವು ಯಾವ ಗುಂಪು ಎಂದು ಮೊದಲೇ ಹೇಳಲು ಬರುವುದಿಲ್ಲ.

ಹೊಗೆಸೊಪ್ಪಿನ ಮಾತು ಆಡದೆ ವಿಧಿಯಿಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜು ನಡೆಯುತ್ತದೆ, ಅದರಿಂದ ಎಷ್ಟೋ ಮನೆಯ ಒಲೆ ಉರಿಯುತ್ತದೆ. ಬೆಳೆಯುವವರ ಬಗ್ಗೆ ನನ್ನ ತಕರಾರಿಲ್ಲ. ಸೇದುವವರಿಗೆ ಹೇಳುವುದಿಷ್ಟು: ನಿಕೋಟಿನ್ ವಸಡಿನ ರಕ್ತನಾಳವನ್ನು ಬಿಗಿಯುತ್ತದೆ, ಹಾಗಾಗಿ ರೋಗ ಬೆಳೆದರೂ ರಕ್ತ ಅಷ್ಟಾಗಿ ಕಾಣುವುದಿಲ್ಲ. ರಕ್ತವಿಲ್ಲವೆಂದು ನೆಮ್ಮದಿಯಾಗಿರಬೇಡಿ. ಸಕ್ಕರೆ ಕಾಯಿಲೆಯವರೂ ಅಷ್ಟೇ ಜಾಗ್ರತೆಯಾಗಿರಬೇಕು. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಬಸುರಿಯರಲ್ಲಿ ವಸಡು ಬೇಗ ಊದುತ್ತದೆ. ಆಶಾ ಕಾರ್ಯಕರ್ತೆಯರು ತಾಯಿ ಕಾರ್ಡ್ ನೋಡುವಾಗ “ಹಲ್ಲುಜ್ಜಿದಾಗ ರಕ್ತ ಬರುತ್ತದೇನಮ್ಮ?” ಎಂದು ಒಂದು ಮಾತು ಕೇಳಿದರೆ ದೊಡ್ಡ ಉಪಕಾರ.

ಡಾಕ್ಟರ ಹತ್ತಿರ ಕಿಟ್ಟ ತೆಗೆಸಿ ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ಬಿಡಿ. ಕಿಟ್ಟ ತೆಗೆದಾಗ ಕಾಣುವ ಸಂದು ಮೊದಲೇ ಆಗಿದ್ದದ್ದು, ಕಿಟ್ಟ ಅದನ್ನು ಮುಚ್ಚಿಟ್ಟಿತ್ತು. ಕೆಲವು ದಿನ ಜುಮ್ಮೆನ್ನುತ್ತದೆ, ಹೋಗುತ್ತದೆ. ಹಾಸನದಲ್ಲಿ ಶ್ರೀ ಹಾಸನಾಂಬ ದಂತ ಕಾಲೇಜು ಇದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಹಲ್ಲು ಪೂರ್ತಿ ಉದುರಿದ ಬಡ ಹಿರಿಯರಿಗೆ ಸರ್ಕಾರ ದಂತ ಭಾಗ್ಯ ಯೋಜನೆಯಲ್ಲಿ ಹಲ್ಲಿನ ಸೆಟ್ ಕೊಡಿಸುತ್ತದೆ. ಒಳ್ಳೆಯದೇ, ಆದರೆ ಅದು ಉದುರಿದ ಮೇಲಿನ ಮಾತು.

ಪಂಚಾಯಿತಿ ಸದಸ್ಯರಲ್ಲಿ, ಹಾಲಿನ ಡೈರಿಯವರಲ್ಲಿ, ಸ್ತ್ರೀಶಕ್ತಿ ಸಂಘದ ಅಕ್ಕಂದಿರಲ್ಲಿ ಒಂದು ಕೋರಿಕೆ. ದಂತ ಶಿಬಿರವೆಂದರೆ ಸಾಮಾನ್ಯವಾಗಿ ಶಾಲೆಯಲ್ಲಿ ಮಕ್ಕಳ ಬಾಯಿ ನೋಡಿ, ಪೇಸ್ಟ್ ಹಂಚಿ, ಫೋಟೋ ತೆಗೆದು ಮುಗಿಸುತ್ತಾರೆ. ವಸಡಿನಿಂದ ಹಲ್ಲು ಕಳೆದುಕೊಳ್ಳುವವರು ಹೆಚ್ಚಾಗಿ ದೊಡ್ಡವರು, ಅವರು ಆ ಹೊತ್ತಿಗೆ ಹೊಲದಲ್ಲಿರುತ್ತಾರೆ. ಮುಂದಿನ ಶಿಬಿರವನ್ನು ಡೈರಿಗೆ ಹಾಲು ಹಾಕುವ ಹೊತ್ತಿಗೆ, ಡೈರಿಯ ಹತ್ತಿರವೇ ಇಡಿಸಿ. 30 ದಾಟಿದವರನ್ನು ಮೊದಲು ಕೂರಿಸಿ. ಬರುವ ಡಾಕ್ಟರು ಕಿಟ್ಟ ತೆಗೆಯುವ ಯಂತ್ರ ತರುತ್ತಾರೋ ಇಲ್ಲವೋ ಎಂದು ದಿನಾಂಕ ಗೊತ್ತುಮಾಡುವ ಮುಂಚೆಯೇ ಕೇಳಿಕೊಳ್ಳಿ.