‘ಅಂತೆ’ ಎಂಬ ಗುರಾಣಿ

ಪರರ ಮಾನವನ್ನು ಕಳೆಯುವುದಕ್ಕೆ ಕತ್ತಿ ಬೇಕಿಲ್ಲ. ಎರಡಕ್ಷರದ ‘ಅಂತೆ’ ಒಂದಿದ್ದರೆ ಸಾಕು. ಕುಂಚಾವರಂ ಕಾಡಿನಲ್ಲಿ ಇಂಥ ಗುತ್ತಿಗೆದಾರನು ಮರ ಕದ್ದು ಮಾರಿದನಂತೆ ಎಂದು ಯಾರಾದರೂ ಆಡಿದರೆನ್ನಿ. ಸಂಜೆಯೊಳಗೆ ಆ ಮಾತು ಚಿಂಚೋಳಿಯನ್ನು ಮುಟ್ಟುತ್ತದೆ. ಮರುದಿನ ಗಡಿಯಾಚೆಯ ತಾಂಡೂರಿನಲ್ಲಿ ತೆಲುಗಿನ ‘ಅಟ’ವನ್ನು ತೊಟ್ಟು ತಿರುಗುತ್ತದೆ. ಅದನ್ನು ಬರೆದು ಹರಡಿದವನಾದರೋ, “ಹೇಳಿದವನು ನಾನಲ್ಲ, ಊರೇ ಹೇಳಿತು” ಎಂದು ಕೈ ತೊಳೆದುಕೊಳ್ಳುತ್ತಾನೆ.

ಈ ಗುರಾಣಿ ಕಾಗದದ್ದು. 1860ರ ದಂಡಸಂಹಿತೆಯ 499ನೆಯ ಕಲಮಿನಲ್ಲಿದ್ದ ಮಾನಹಾನಿಯ ನಿಯಮವು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಾಗಿ ಮುಂದುವರಿದಿದೆ. ಅದರಂತೆ ಆರೋಪವನ್ನು ಹುಟ್ಟಿಸಿದವನಷ್ಟೇ ಅಲ್ಲ, ಪ್ರಕಟಿಸಿದವನೂ ಹೊಣೆಗಾರನು. ವ್ಯಂಗ್ಯದ ಮರೆಯಿಂದ ನುಡಿದರೂ ಬಿಡುಗಡೆಯಿಲ್ಲ. ಓದಿದವರು ಗುರುತಿಸಬಲ್ಲರಾದರೆ, ಹೆಸರನ್ನು ಬಿಟ್ಟುಬಿಟ್ಟ ಮಾತ್ರಕ್ಕೆ ರಕ್ಷಣೆಯೂ ಇಲ್ಲ. ಶಿಕ್ಷೆಯೋ, ಎರಡು ವರ್ಷಗಳವರೆಗಿನ ಸಾದಾ ಸೆರೆವಾಸ, ಇಲ್ಲವೆ ದಂಡ, ಇಲ್ಲವೆ ಎರಡೂ, ಇಲ್ಲವೆ ಸಮಾಜಸೇವೆ.

“ಹಾಗಾದರೆ ಸುಮ್ಮನಿರುವುದೇ ಲೇಸು” ಎನ್ನುವ ಜಾಣರುಂಟು. ಇದು ಜಾಣತನವಲ್ಲ, ಹೇಡಿತನ. ಎಲ್ಲರೂ ಸುಮ್ಮನಾದರೆ ಮರಗಳ್ಳನಿಗೆ ಕಾಡೆಲ್ಲ ಮಾನ್ಯವಾಗದೆ? ಕಾಯಿದೆಯೇ ಹತ್ತು ಬಾಗಿಲುಗಳನ್ನು ತೆರೆದಿಟ್ಟಿದೆ. ಮಾತು ನಿಜವಾಗಿದ್ದು, ಅದನ್ನು ಹೊರಗೆಡಹುವುದು ಸಾರ್ವಜನಿಕ ಹಿತಕ್ಕೆ ಬೇಕಾದುದಾದರೆ ಅದು ಅಪರಾಧವಲ್ಲ. ಸರಕಾರಿ ನೌಕರನು ತನ್ನ ಕೆಲಸದಲ್ಲಿ ನಡೆದುಕೊಂಡ ರೀತಿಯನ್ನು ಸದ್ಭಾವನೆಯಿಂದ ವಿಮರ್ಶಿಸಬಹುದು. ಅಧಿಕಾರವುಳ್ಳವರಲ್ಲಿ ಸದ್ಭಾವನೆಯಿಂದ ದೂರನ್ನೂ ಕೊಡಬಹುದು. ಆದರೆ ತಕ್ಕ ಎಚ್ಚರವಿಲ್ಲದೆ ಮಾಡಿದುದನ್ನು ಕಾಯಿದೆಯು ಸದ್ಭಾವನೆಯೆಂದು ಒಪ್ಪುವುದಿಲ್ಲ. ಕಂಡುದೇನು, ಕೇಳಿದುದೇನು, ಊಹಿಸಿದುದೇನು ಎಂದು ಬೇರ್ಪಡಿಸದವನು ಸದ್ಭಾವನೆಯ ಹೆಸರನ್ನೆತ್ತಲು ಅರ್ಹನಲ್ಲ.

ಬರೆಯುವವರು ಹುಬ್ಬಳ್ಳಿಯ ಮೊಕದ್ದಮೆಯನ್ನು ಮರೆಯಬಾರದು. 2008ರಲ್ಲಿ ತಮ್ಮ ವಾರಪತ್ರಿಕೆಯಲ್ಲಿ ರಾಜಕಾರಣಿಗಳನ್ನು ಕುರಿತು ಬಂದ ಲೇಖನಕ್ಕಾಗಿ ಗೌರಿ ಲಂಕೇಶರಿಗೆ ಅಲ್ಲಿಯ ನ್ಯಾಯಾಲಯವು 2016ರ ನವೆಂಬರಿನಲ್ಲಿ ಆರು ತಿಂಗಳ ಸೆರೆವಾಸವನ್ನೂ ದಂಡವನ್ನೂ ವಿಧಿಸಿತು. ಅವರಿಗೆ ಜಾಮೀನು ದೊರೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾನಹಾನಿಯನ್ನು ಅಪರಾಧವೆನ್ನುವ ನಿಯಮವನ್ನು ಎತ್ತಿಹಿಡಿದಿತ್ತು. ಬಲ್ಲಿದರ ಕೈಯಲ್ಲಿ ಈ ಕಾಯಿದೆ ಚಾವಟಿಯಾಗುತ್ತದೆಂಬ ದೂರು ಸುಳ್ಳಲ್ಲ. ಆಡಿದ ಮಾತಿಗೆ ಸೆರೆಮನೆಯನ್ನು ತೋರಿಸುವುದು ನಾಗರಿಕತೆಗೆ ಒಪ್ಪುವಂಥದೂ ಅಲ್ಲ. ಆದರೆ ಚಾವಟಿ ಇರುವ ತನಕ ಬೆನ್ನನ್ನು ಕಾಯುವುದು ಆಧಾರವೊಂದೇ. ಲೇಖನದಿಂದ ತೀರ್ಪಿಗೆ ಎಂಟು ವರ್ಷಗಳು ಕಳೆದವೆಂಬುದನ್ನು ಗಮನಿಸಬೇಕು. ಅಷ್ಟು ಕಾಲ ಉಳಿಯುವ ದಾಖಲೆ ಯಾವುದು? ಅಷ್ಟು ಕಾಲದ ಮೇಲೂ ಬಂದು ನಿಜ ನುಡಿಯುವ ಸಾಕ್ಷಿ ಯಾರು? ಬರೆಯುವ ಮುನ್ನವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು.

ಕಾಯಿದೆಯ ಮಾತು ಹಾಗಿರಲಿ. ಮಾನವೆಂಬುದು ಬಡವನಿಗೂ ಉಂಟು. ನ್ಯಾಯಾಲಯಕ್ಕೆ ಹೋಗಲು ಹಣವಿಲ್ಲದವನ ಮಾನವನ್ನು ಕಾಯುವವರು ಯಾರು? ಓದುಬರಹ ಬಲ್ಲ ಮನೆಗಳೇ ಅದನ್ನು ಕಾಯಬೇಕು. ‘ಅಂತೆ’ ಎಂದು ಬಂದ ಮಾತನ್ನು ಹೊಸಿಲಲ್ಲಿಯೇ ತಡೆದು, “ಕಂಡವರಾರು?” ಎಂದು ಕೇಳುವ ಧೈರ್ಯ ಅವರಿಗಿರಬೇಕು. ಉತ್ತರವುಂಟೆ, ಹೆಸರು ಹಾಕಿ ನಿರ್ಭಯವಾಗಿ ಬರೆಯಲಿ. ಇಲ್ಲವೆ, ಲೇಖನಿಯನ್ನು ಕೆಳಗಿಡಲಿ.