‘ಇದ್ದದ್ದೇ’ ಎನ್ನುವ ಮುನ್ನ

ಒಂದೇ ಅಳತೆಯ ಎರಡು ಗಾಜಿನ ಭರಣಿಗಳಲ್ಲಿ ಹಿಡಿ ಎರೆಮಣ್ಣು ಹಾಕಿ, ಒಂದೊಂದು ಉಷ್ಣಮಾಪಕ ಇಳಿಬಿಡಿ. ಒಂದಕ್ಕೆ ಮುಚ್ಚಳ ಬಿಗಿದು ಎರಡನ್ನೂ ಬಿಸಿಲಿಗಿಟ್ಟರೆ, ಮುಚ್ಚಿದ್ದು ಬೇಗ ಕಾಯುತ್ತದೆ. ಹಸಿರುಮನೆ ಪರಿಣಾಮವೆಂದು ಮಕ್ಕಳು ತೋರಿಸುವ ಈ ಪ್ರಯೋಗ ಅರ್ಧವನ್ನಷ್ಟೇ ಹೇಳುತ್ತದೆ. ಭರಣಿಯಲ್ಲಿ ಮುಖ್ಯವಾಗಿ ಬಿಸಿಗಾಳಿ ಸಿಕ್ಕಿಕೊಳ್ಳುತ್ತದೆ. ವಾತಾವರಣದಲ್ಲಾದರೆ ನೆಲದಿಂದ ಹೊರಟ ಕಾಣದ ಶಾಖವನ್ನು ಅನಿಲಗಳೂ ಮೋಡಗಳೂ ಹೀರಿ, ಒಂದಂಶವನ್ನು ಮತ್ತೆ ನೆಲಕ್ಕೇ ಕಳಿಸುತ್ತವೆ. ಇದನ್ನರಿಯಲು ಭರಣಿ ಬೇಡ, ಉಷ್ಣಮಾಪಕ ಸಾಕು. ಚಳಿಗಾಲದಲ್ಲಿ ನಿರಭ್ರ ರಾತ್ರಿ ಅಂಗಳ ಬೇಗ ತಣಿಯುತ್ತದೆ, ಮೋಡ ಮುಸುಕಿದ ರಾತ್ರಿ ಬೆಚ್ಚಗಿರುತ್ತದೆ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಪ್ರತಿ ಶಾಲೆಯ ಮಕ್ಕಳು ಇದನ್ನೂ ಅಳೆದು ಬರೆದಿಡಲಿ.

1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಇಂಗಾಲದ ಡೈಆಕ್ಸೈಡ್ ತುಂಬಿದ ಗಾಜಿನ ಕೊಳವೆಯನ್ನು ಬಿಸಿಲಿಗಿಟ್ಟು, ಅದು ಹೆಚ್ಚು ಕಾಯುವುದನ್ನೂ ಆರಲು ಬಹಳ ಹೊತ್ತು ಹಿಡಿಯುವುದನ್ನೂ ಕಂಡರು. ಕಿವಿಗೊಟ್ಟವರು ಕಡಿಮೆ. ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಹಿಂದೆ ಸುಮಾರು 280 ಇದ್ದ ಆ ಅನಿಲ ಈಗ 420 ದಾಟಿದೆ.

2019ರ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಮಹಾರಾಷ್ಟ್ರದ ಕೊಯ್ನಾ ಜಲಾಶಯದ ನೀರಿಗಾಗಿ ಅಥಣಿ, ರಾಯಬಾಗದ ಜನ ಅಂಗಲಾಚಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಹೊಳೆ ಊರೊಳಗೆ ನುಗ್ಗಿತು. 2021ರ ಜುಲೈನಲ್ಲಿ ಮತ್ತೆ. ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ಹೆದ್ದಾರಿಯೇ ಮುಳುಗಿತು. ಒಂದು ಡಿಗ್ರಿ ಹೆಚ್ಚು ಬಿಸಿಯಾದ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು, ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಪ್ರತಿ ಮಹಾಪೂರಕ್ಕೂ ಇದೊಂದೇ ಕಾರಣವೆನ್ನಲಾರೆ. ನನ್ನ ಭಯವೆಲ್ಲ ‘ಹೊಳಿ ಬರೂದು, ಹೋಗೂದು ಇದ್ದದ್ದೇ’ ಎಂಬ ಮಾತಿನ ಬಗ್ಗೆ. 2005ರ ಪೂರ ಇಳಿದಾಗಲೂ ಅದೇ ಮಾತು ಕೇಳಿದ್ದೆ.

ಈ ಬಿಸಿಯಲ್ಲಿ ನಮ್ಮ ಪಾಲೂ ಇದೆ. ಕಬ್ಬು ಕಡಿದ ಹೊಲದಲ್ಲಿ ಉಳಿದ ಒಣ ಸೋಗೆಗೆ, ರವದಿಗೆ, ಕಡ್ಡಿ ಗೀರುತ್ತೇವೆ. ಮಸಿ, ಮೀಥೇನ್ ಮೇಲೇರುತ್ತವೆ. ಮಣ್ಣಿಗೆ ಸೇರಬೇಕಾದದ್ದು ಬೂದಿಯಾಗುತ್ತದೆ. ಇನ್ನೊಂದು ಚೀಲ ಯೂರಿಯಾ ಇರಲಿ ಎನ್ನುತ್ತೇವೆ. ಬೆಳೆ ಹೀರದ ಸಾರಜನಕದ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗುತ್ತದೆ. ತೂಕಕ್ಕೆ ತೂಕ, ನೂರು ವರ್ಷಗಳ ಲೆಕ್ಕದಲ್ಲಿ, ಅದರ ಶಾಖದ ಹೊರೆ ಇಂಗಾಲದ ಡೈಆಕ್ಸೈಡ್‌ನ ಸುಮಾರು 270 ಪಟ್ಟು. ನನ್ನೊಬ್ಬನ ಹೊಲದಿಂದ ಏನಾದೀತು ಎನ್ನುವವರು ಹನಿ ಹನಿ ಕೂಡಿ ಹಳ್ಳವಾಗುವುದನ್ನು ಕಾಣದವರಲ್ಲ.

ಹೀಗೇ ಬಿಟ್ಟರೆ ಸತ್ವ ಕಳೆದುಕೊಂಡ ಮಣ್ಣು ಬೇಸಿಗೆಯಲ್ಲಿ ತೇವ ಹಿಡಿಯದು, ಮಳೆಗಾಲದಲ್ಲಿ ನಿಲ್ಲದು.

ಮಳೆಗಾಲ ಮುಗಿಯುತ್ತಲೇ ಕಾರ್ಖಾನೆಗಳು ಕಬ್ಬು ನುರಿಸತೊಡಗುತ್ತವೆ. ಅದಕ್ಕೂ ಮೊದಲು ಕಾರ್ಖಾನೆ, ಪಂಚಾಯಿತಿ, ಕೃಷಿ ಇಲಾಖೆ ಒಟ್ಟಿಗೆ ಕೂತು, ರವದಿ ಪುಡಿ ಮಾಡುವ ಯಂತ್ರ ಯಾವ ಊರಿಗೆ ಯಾವ ದಿನ ಬರುತ್ತದೆಂಬುದನ್ನು ಬರೆದು ಗೋಡೆಗೆ ಹಚ್ಚಬೇಕು. ರಾತ್ರಿಯ ಬಿಸಿ ಅಳೆದ ಮಕ್ಕಳನ್ನೂ ಆ ಸಭೆಗೆ ಕರೆಯಿರಿ.