ಹನಿ ಬಿದ್ದ ಜಾಗ ಸೋರುವ ಜಾಗವಲ್ಲ

ಗೋರೆಗಾಂವ್ ಪೂರ್ವದಲ್ಲಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ದಾಟಿ ಫಿಲ್ಮ್ ಸಿಟಿಯ ಕಡೆ ಹೊರಟರೆ ಹಳೆಯ ಗಾಡಿಗಳಿಗೆ ಬರವಿಲ್ಲ. 1977ರಲ್ಲಿ ಶುರುವಾದ ಆ ಚಿತ್ರನಗರಿಗೆ ಜನರೇಟರ್ ಹೊತ್ತ ಲಾರಿ, ಲೈಟು ಸಾಮಾನಿನ ಟೆಂಪೊ, ವ್ಯಾನಿಟಿ ವ್ಯಾನು ದಿನವೂ ಬರುತ್ತವೆ, ಗಂಟೆಗಟ್ಟಲೆ ನಿಲ್ಲುತ್ತವೆ, ಹೋಗುತ್ತವೆ. ಹೋದ ಮೇಲೆ ನೆಲದಲ್ಲಿ ಎಣ್ಣೆಯ ಕಲೆ ಉಳಿಯುತ್ತದೆ. ಹೆಚ್ಚಾಗಿ ಕಪ್ಪು. ಒಮ್ಮೊಮ್ಮೆ ಕೆಂಪು.

ಕೆಂಪು ಕಲೆ ಕಂಡ ಚಾಲಕ ಸಾಮಾನ್ಯವಾಗಿ ಡಬ್ಬ ತೆಗೆದು ಎಣ್ಣೆ ತುಂಬಿಸುತ್ತಾನೆ. ಗ್ಯಾರೇಜಿಗೆ ಹೋದರೆ ಅಲ್ಲಿ ಯಾವುದಾದರೂ ಒಂದು ಸೀಲು ಬದಲಾಗುತ್ತದೆ. ಇವೆರಡರ ನಡುವೆ ನಡೆಯಬೇಕಾದ ಕೆಲಸ, ಅಂದರೆ ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂದು ನೋಡುವುದು, ನಡೆಯುವುದು ಅಪರೂಪ. ಕಾರಣ ಸರಳ: ಪಾರ್ಟಿಗೆ ಬೆಲೆಯಿದೆ, ಸ್ಪ್ಯಾನರ್ ತಿರುಗಿಸಿದ್ದಕ್ಕೆ ಕೂಲಿಯಿದೆ, ನೋಡಿದ್ದಕ್ಕೆ ಏನೂ ಇಲ್ಲ. ಈ ಪದ್ಧತಿ ಬದಲಾಗಬೇಕು.

ಕೆಂಪು ಎಣ್ಣೆ ಎಂದರೆ ಎಟಿಎಫ್, ಸ್ವಯಂಚಾಲಿತ ಗೇರ್‌ಬಾಕ್ಸಿಗೆಂದು ಹುಟ್ಟಿದ ಎಣ್ಣೆ. ಎಂಜಿನ್ ಆಯಿಲ್ ಜೊತೆ ಕಲಸಿಹೋಗದಿರಲಿ ಎಂದೇ ಅದಕ್ಕೆ ಕೆಂಪು ಬಣ್ಣ ಸೇರಿಸುತ್ತಾರೆ. ನಮ್ಮ ಹಳೆಯ ಲಾರಿಗಳಲ್ಲಿ ಬಹುಪಾಲಿನವಕ್ಕೆ ಕೈಯಿಂದ ಹಾಕುವ ಗೇರೇ ಇರುವುದು. ಆದರೆ ಪವರ್ ಸ್ಟೀರಿಂಗಿಗೂ ಇದೇ ಎಣ್ಣೆ ಬಳಕೆಯಲ್ಲಿದೆ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ, ಈ ಗಾಡಿಯಲ್ಲಿ ಕೆಂಪು ಎಣ್ಣೆ ಎಲ್ಲೆಲ್ಲಿದೆ ಎಂಬುದು. ಗೇರ್ ಮ್ಯಾನ್ಯುವಲ್ ಆಗಿದ್ದರೆ ಸ್ಟೀರಿಂಗ್ ಪಂಪು, ಅದರ ಹೋಸು, ಸ್ಟೀರಿಂಗ್ ಬಾಕ್ಸಿನ ಕೆಳಗಿನ ಸೀಲು, ಇಷ್ಟರಲ್ಲೇ ಹುಡುಕಾಟ ಮುಗಿಯಬಹುದು. ಗಣಿಯ ಡಂಪರು, ವಿಮಾನ ನಿಲ್ದಾಣದ ಅಗ್ನಿಶಾಮಕ ವಾಹನ, ಕೆಲವು ನಗರ ಬಸ್ಸುಗಳಂತೆ ಗೇರ್ ಸ್ವಯಂಚಾಲಿತವಾಗಿದ್ದರೆ ಹುಡುಕಾಟ ಉದ್ದವಾಗುತ್ತದೆ.

ಬಣ್ಣವೊಂದನ್ನೇ ನಂಬುವಂತಿಲ್ಲ. ಹಳೆಯದಾದ ಎಟಿಎಫ್ ಕಂದಾಗುತ್ತದೆ, ಸುಟ್ಟರೆ ಕಪ್ಪಾಗಿ ಕಮಟು ವಾಸನೆ ಬರುತ್ತದೆ. ಆಗ ನೋಟಕ್ಕೆ ಅದು ಎಂಜಿನ್ ಆಯಿಲ್ಲೇ. ಬೆರಳಿಗೆ ಹಚ್ಚಿ ಉಜ್ಜಿ, ಮೂಸಿ ನೋಡಬೇಕು: ಗೇರ್ ಆಯಿಲ್ ದಪ್ಪ, ಗಂಧಕದ ನಾತ, ಎಟಿಎಫ್ ತೆಳು.

ಅದಕ್ಕಿಂತ ದೊಡ್ಡ ಮೋಸ ಜಾಗದ್ದು. ಓಡುವ ಗಾಡಿಯಲ್ಲಿ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ನಿಂತಾಗ ಅದು ಚೇಂಬರಿನ ಅಂಚು ಹಿಡಿದು ಹರಿದು, ಅತಿ ತಗ್ಗಿನ ಬೋಲ್ಟಿನಿಂದ ತೊಟ್ಟಿಕ್ಕುತ್ತದೆ. ಅನುಭವವಿರುವ ಮೆಕ್ಯಾನಿಕ್ ಹನಿಯ ಕೆಳಗೆ ಹುಡುಕುವುದಿಲ್ಲ. ಒದ್ದೆಯಾದ ಭಾಗದಲ್ಲಿ ಅತಿ ಮೇಲಿನ, ಅತಿ ಮುಂದಿನ ಬಿಂದು ಯಾವುದೆಂದು ಹುಡುಕುತ್ತಾನೆ.

ವರ್ಷಗಳ ಜಿಡ್ಡು, ಧೂಳು ಮೆತ್ತಿದ ಗಾಡಿಯಲ್ಲಿ ಆ ಬಿಂದು ಕಾಣುವುದೇ ಇಲ್ಲ. ಹಾಗಾಗಿ ಮೊದಲು ತೊಳೆಯಬೇಕು, ಒಣಗಿಸಬೇಕು, ಸ್ವಲ್ಪ ದೂರ ಓಡಿಸಬೇಕು, ಕೆಳಗೆ ರಟ್ಟು ಹಾಸಿ ನಿಲ್ಲಿಸಬೇಕು. ಅನುಮಾನವಿದ್ದ ಕಡೆ ಟಾಲ್ಕಂ ಪೌಡರ್ ಉದುರಿಸಿದರೆ ಹೊಸ ಎಣ್ಣೆ ಗೆರೆ ಎಳೆದು ತೋರಿಸುತ್ತದೆ. ಎಂಜಿನ್ ಓಡುವಾಗ ಮಾತ್ರ ಸೋರಿದರೆ ಒತ್ತಡದ ಪೈಪುಗಳತ್ತ, ಕೂಲರಿಗೆ ಹೋಗುವ ರಬ್ಬರ್ ಹೋಸುಗಳತ್ತ ನೋಡಬೇಕು. ರಾತ್ರಿಯಿಡೀ ನಿಂತಾಗ ಮಾತ್ರ ಸೋರಿದರೆ ಅದಕ್ಕೆ ಬೇರೆ ಅರ್ಥವಿದೆ: ಟಾರ್ಕ್ ಕನ್ವರ್ಟರಿನ ಎಣ್ಣೆ ಚೇಂಬರಿಗೆ ಇಳಿದು ಮಟ್ಟ ಏರುತ್ತದೆ, ಹಗಲಲ್ಲಿ ಎಣ್ಣೆ ಮುಟ್ಟದ ಸೀಲು ಆಗ ಮುಳುಗುತ್ತದೆ. ಮಟ್ಟ ಇಳಿಯುತ್ತಿದ್ದು ನೆಲ ಒಣಗಿದ್ದರೆ ರೇಡಿಯೇಟರ್ ಮುಚ್ಚಳ ತೆರೆಯಬೇಕು, ಎಂಜಿನ್ ತಣ್ಣಗಾದ ಮೇಲೆ. ಒಳಗಿನ ಕೂಲರ್ ಒಡೆದಿದ್ದರೆ ನೀರು ಗುಲಾಬಿ ಮಜ್ಜಿಗೆಯಂತಾಗಿರುತ್ತದೆ.

ಇಷ್ಟು ನೋಡದೆ ಕೈಹಾಕಿದರೆ ಏನಾಗುತ್ತದೆ? ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಹೌಸಿಂಗಿನಿಂದ ಎಣ್ಣೆ ಬಿದ್ದರೆ ಅದು ಎಂಜಿನ್ನಿನ ಹಿಂದಿನ ಸೀಲೂ ಆಗಿರಬಹುದು, ಗೇರ್‌ಬಾಕ್ಸಿನ ಮುಂದಿನ ಸೀಲೂ ಆಗಿರಬಹುದು, ಮೇಲಿನ ಯಾವುದೋ ಪೈಪಿನಿಂದ ಹರಿದು ಬಂದದ್ದೂ ಆಗಿರಬಹುದು. ಮೊದಲೆರಡಕ್ಕೆ ಗೇರ್‌ಬಾಕ್ಸ್ ಇಳಿಸಬೇಕು. ಮೂರನೆಯದಕ್ಕೆ ಒಂದು ಕ್ಲಿಪ್ ಸಾಕು. ಚೇಂಬರಿನ ಪ್ಯಾಕಿಂಗ್ ಸೋರುತ್ತಿದೆ ಎಂದು ಬೋಲ್ಟುಗಳನ್ನು ಬಲವಾಗಿ ಬಿಗಿದರೆ ತಗಡು ಬಾಗಿ ಸೋರಿಕೆ ಹೆಚ್ಚುತ್ತದೆ. ಅಳೆಯದೆ ಎಣ್ಣೆ ಸುರಿದರೆ ನೊರೆಯೆದ್ದು ಬ್ರೀದರಿನಿಂದ ಉಕ್ಕುತ್ತದೆ. ಆಗ ಇಲ್ಲದ ಸೋರಿಕೆಯೂ ಹುಟ್ಟಿಕೊಳ್ಳುತ್ತದೆ.

ಮಾಲೀಕರ ಮಾತಿನಲ್ಲೂ ಹುರುಳಿದೆ. ಗಾಡಿ ಒಂದು ದಿನ ನಿಂತರೆ ಒಂದು ದಿನದ ಬಾಡಿಗೆ ಹೋಯಿತು. ಅದರ ಮುಂದೆ ಒಂದು ಲೀಟರ್ ಎಣ್ಣೆ ಅಗ್ಗ. ಹಳೆಯ ಗಾಡಿ ಸ್ವಲ್ಪ ಬೆವರುವುದು ಸಹಜ ಎನ್ನುವುದೂ ನಿಜವೇ. ಸೀಲಿನ ಸುತ್ತ ತೇವ ಕಂಡ ಮಾತ್ರಕ್ಕೆ ಗೇರ್‌ಬಾಕ್ಸ್ ಇಳಿಸುವುದು ಜಾಣತನವಲ್ಲ. ಆದರೆ ಬೆವರು ಯಾವುದು, ಸೋರಿಕೆ ಯಾವುದು ಎಂದು ಹೇಳಲು ನೋಡಿರಬೇಕು, ಅಳೆದಿರಬೇಕು. ಎಷ್ಟು ಕಿಲೋಮೀಟರಿಗೆ ಎಷ್ಟು ಎಣ್ಣೆ ಹಾಕಿದೆ ಎಂದು ಡೈರಿಯಲ್ಲಿ ಬರೆದಿಟ್ಟ ಚಾಲಕ ಅದನ್ನು ಹೇಳಬಲ್ಲ. ಬರೆಯದೆ ತುಂಬಿಸುತ್ತಾ ಹೋದವನಿಗೆ ತಿಳಿಯುವುದು, ಲೋಡಿನ ನಡುವೆ ಸ್ಟೀರಿಂಗ್ ಕಲ್ಲಿನಂತೆ ಗಟ್ಟಿಯಾದಾಗ ಅಥವಾ ಗೇರ್ ಹಿಡಿಯದೆ ಜಾರಿದಾಗ.

ಬಿದ್ದ ಎಣ್ಣೆಯ ಲೆಕ್ಕವನ್ನು ಮಾಲೀಕನೊಬ್ಬನೇ ಕಟ್ಟುವುದೂ ಇಲ್ಲ. ಮುಂಬೈಗೆ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೇಸಿಗೆಯಿಡೀ ರಸ್ತೆ ಕುಡಿದ ಎಣ್ಣೆ ಮೊದಲ ಮಳೆಗೆ ಮೇಲೇಳುತ್ತದೆ. ಆರೆ ಕಾಲನಿಯ ತಿರುವುಗಳಲ್ಲಿ ಅದರ ಮೇಲೆ ಜಾರುವುದು ಲಾರಿಯಲ್ಲ, ಹಿಂದೆ ಬರುವ ಸ್ಕೂಟರ್.

ಸರ್ಕಾರದ ತಪಾಸಣೆ ಇದೆಯಲ್ಲ ಎನ್ನಬಹುದು. 8 ವರ್ಷ ದಾಟಿದ ಸಾರಿಗೆ ವಾಹನಕ್ಕೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ಆದರೆ ಆ ದಿನದ ಹಿಂದಿನ ಸಂಜೆ ಗಾಡಿಯನ್ನು ಥಳಥಳ ತೊಳೆದು ಒಯ್ದರೆ ನಿಧಾನವಾದ ಸೋರಿಕೆ ಯಾರ ಕಣ್ಣಿಗೂ ಬೀಳದು. ನೀರು ಅದೇ, ಬ್ರಷ್ ಅದೇ. ಒಂದು ಕಡೆ ಮುಚ್ಚಲು ತೊಳೆಯುತ್ತಾರೆ, ಇನ್ನೊಂದು ಕಡೆ ನೋಡಲು. ಫಿಟ್‌ನೆಸ್ಸಿಗೆಂದು ಹೇಗೂ ತೊಳೆದ ಗಾಡಿಯನ್ನು ಒಂದು ರಾತ್ರಿ ರಟ್ಟಿನ ಮೇಲೆ ನಿಲ್ಲಿಸಿದರೆ ಹೆಚ್ಚಿನ ಖರ್ಚೇನೂ ಇಲ್ಲ.

ಉಳಿದಿರುವುದು ಕೂಲಿಯ ಪ್ರಶ್ನೆ. ಡಾಕ್ಟರಿಗೆ ಮಾತ್ರೆಯ ಬೆಲೆಯಲ್ಲದೆ ನೋಡಿದ ಫೀಸೂ ಕೊಡುತ್ತೇವೆ. ಲಾರಿಯ ಕೆಳಗೆ ಗೋಣಿಚೀಲ ಹಾಸಿ, ಟಾರ್ಚ್ ಹಿಡಿದು ಮಲಗಿದವನು ಅರ್ಧ ಗಂಟೆ ನೋಡಿ "ಏನೂ ಬದಲಾಯಿಸಬೇಕಿಲ್ಲ, ಕ್ಲಿಪ್ ಸಡಿಲವಾಗಿದೆ" ಎಂದರೆ ಚಹಾ ಕುಡಿಸಿ ಕಳಿಸುತ್ತೇವೆ. ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಅವನಿಗೆ ನಷ್ಟ. ಸುಮ್ಮನೆ ಸೀಲು ಹಾಕಿದ್ದರೆ ಲಾಭವಿತ್ತು. ಗ್ಯಾರೇಜಿನವರು ಮೋಸ ಮಾಡುತ್ತಾರೆ ಎಂದು ದೂರುವ ಮಾಲೀಕರು ಬಿಲ್ಲಿನಲ್ಲಿ ಒಂದು ಸಾಲು ಸೇರಿಸಲು ಒಪ್ಪಲಿ: ತೊಳೆದು ನೋಡಿದ್ದಕ್ಕೆ, ಇಷ್ಟು. ಆ ಸಾಲು ಇದ್ದರೆ ಅದರ ಕೆಳಗಿನ ಎಷ್ಟೋ ಸಾಲುಗಳು ಬರೆಯದೆಯೇ ಉಳಿಯುತ್ತವೆ.